ರಾಮಾಂಜಿನಯ್ಯನವರ ಮನೆಯ ಬಾಡಿಗೆ ಕರಾರು

ಮೈದಾ ಅಂಟು ಕುದಿಯುವ ವಾಸನೆ ಎಂದರೆ ಕೋಮಲಾಗೆ ಅಪ್ಪ. ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಸೀಮೆಎಣ್ಣೆ ಸ್ಟೌವ್ ಹಚ್ಚಿ, ಸೊಟ್ಟ ಡಬರಿಯಲ್ಲಿ ಮೈದಾ ಕಲಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಅವರು ತಿರುಗಿಸುತ್ತ ಕೂತರೆ, ಹಸಿ ಹಿಟ್ಟಿನ ವಾಸನೆ ಮೆಲ್ಲಗೆ ಬೆಂದ ವಾಸನೆಯಾಗುತ್ತಿತ್ತು. ಗಂಜಿ ಎಂದುಕೊಂಡು ಮಕ್ಕಳು ಹತ್ತಿರ ಸುಳಿದರೆ "ಇದು ಕಾಗದದ ಊಟ ಕಣ್ರೋ, ನಿಮ್ದಲ್ಲ" ಎನ್ನುತ್ತಿದ್ದರು.

ಅಪ್ಪ ರಾಮಾಂಜಿನಯ್ಯ ಪತ್ರ ಬರಹಗಾರರು. ತುಮಕೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮೂವತ್ತೆರಡು ವರ್ಷ ಇಳಿಜಾರು ಮೇಜಿಟ್ಟುಕೊಂಡು ಕೂತು ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು ಬರೆದವರು. ಅವರಿಗೆ ಕೆಲವು ಕಟ್ಟುಪಾಡುಗಳಿದ್ದವು. ಎರಡೂ ಕಡೆಯವರು ಎದುರುಬದುರು ಕೂರದೆ ಸಹಿ ಹಾಕಿಸುತ್ತಿರಲಿಲ್ಲ. ಸಹಿ ಹಾಕುವವರು ಪತ್ರವನ್ನು ಗಟ್ಟಿಯಾಗಿ ಓದಬೇಕು, ಓದು ಬಾರದವರು ಓದಿಸಿ ಕೇಳಬೇಕು. ಇನ್ನೊಂದು ಕಟ್ಟುಪಾಡು ಅವರಿಗೆ ವಿದ್ಯೆ ಕಲಿಸಿದವರಿಂದ ಬಂದದ್ದು: ಬರಹಗಾರ ತನ್ನ ಮನೆಯ ಪತ್ರವನ್ನು ತಾನು ಬರೆಯಬಾರದು. ಹೀಗಾಗಿ ಊರವರ ಆಸ್ತಿಗೆಲ್ಲ ಎಲ್ಲೆ ಬರೆದುಕೊಟ್ಟ ಮನುಷ್ಯ ಸ್ವಂತ ಮನೆಗೆ ಒಂದು ಚೀಟಿಯನ್ನೂ ಬರೆಯದೆ ಹನ್ನೊಂದು ವರ್ಷದ ಹಿಂದೆ ಕಣ್ಣು ಮುಚ್ಚಿದರು.

ಶಿರಾ ಗೇಟಿನ ಹತ್ತಿರದ ಆ ಮನೆಯ ಖಾತೆ, ಕರೆಂಟ್ ಬಿಲ್ಲು, ನೀರಿನ ಬಿಲ್ಲು ಎಲ್ಲವೂ ಇವತ್ತಿಗೂ ಅವರ ಹೆಸರಿನಲ್ಲೇ ಇವೆ. ಬದಲಿಸೋಣ ಎಂದು ಮೊದಲು ಬಾಯಿ ತೆಗೆದವರು ಮನೆಯ ಮೇಲೆ ಕಣ್ಣಿಟ್ಟವರು ಎನಿಸಿಕೊಳ್ಳಬೇಕಿತ್ತು. ಆದ್ದರಿಂದ ಯಾರೂ ಬಾಯಿ ತೆಗೆಯಲಿಲ್ಲ. ಗಂಡನನ್ನು ಕಳೆದುಕೊಂಡ ಮೇಲೆ ಕೋಮಲಾ ತವರಿಗೆ ಬಂದು, ಅಲ್ಲಿಂದಲೇ ಹೈಸ್ಕೂಲಿಗೆ ಹೋಗಿ ವಿಜ್ಞಾನ ಪಾಠ ಹೇಳಿ, ಹೋದ ವರ್ಷ ನಿವೃತ್ತಳಾದಳು. ತಮ್ಮ ಗೋವಿಂದರಾಜು ಗುಬ್ಬಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ. ಅಮ್ಮ ಗಂಗಲಕ್ಷ್ಮಮ್ಮ ತನ್ನ ತಂಗಿಯ ಜೊತೆಗಿರುತ್ತೇನೆಂದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಹೋಗಿ, ಕಾಲುವೆ ಪಕ್ಕ ಸೊಪ್ಪು ತರಕಾರಿ ಬೆಳೆದುಕೊಂಡು ಆರಾಮಾಗಿದ್ದರು.

ಮಹಡಿ ಮೇಲಿನ ಕೋಣೆಗೆ ಮೂರು ತಿಂಗಳ ಹಿಂದೆ ಬಾಡಿಗೆಗೆ ಬಂದವಳು ತಮಂಡಾ. ಆಫ್ರಿಕಾದ ಮಲಾವಿ ದೇಶದವಳು, ನರ್ಸಿಂಗ್ ಕೊನೆಯ ವರ್ಷ. ಹಾಸ್ಟೆಲ್ ರಿಪೇರಿಗೆಂದು ಮುಚ್ಚಿದಾಗ ಅವಳು ಐದು ಮನೆ ನೋಡಿದ್ದಳು. ಐದರಲ್ಲೂ ಮೊದಲು ನಕ್ಕು ಮಾತಾಡಿದವರು, ವಿದೇಶಿಯರಿಗೆ ಮನೆ ಕೊಡುವ ಮಾಲೀಕರು ಆನ್‌ಲೈನಿನಲ್ಲಿ ಫಾರಂ ತುಂಬಬೇಕು, ಬಾಡಿಗೆ ಕರಾರು ಮಾಡಿಕೊಡಬೇಕು ಎಂದೊಡನೆ ಮನೆಯಲ್ಲಿ ಯಾರೋ ನೆಂಟರು ಬರುವವರಿದ್ದಾರೆ ಎಂದಿದ್ದರು. ಆರನೆಯ ಮನೆ ಕೋಮಲಾಳದು. "ಕರಾರು ತಾನೆ? ನಮ್ಮಪ್ಪ ಮಾಡ್ತಿದ್ದ ಕೆಲ್ಸಾನೇ ಅದು" ಎಂದು ಅವಳು ತಾನೇ ಕೂತು ಬರೆದಿದ್ದಳು. ಹನ್ನೊಂದು ತಿಂಗಳ ಕರಾರು, ಚೆಂದದ ಭಾಷೆ, ಎಲ್ಲೂ ಚಿತ್ತಿಲ್ಲ. 'ಮನೆಯ ಮಾಲೀಕರಾದ ಶ್ರೀಮತಿ ಕೋಮಲಾ ಎಂಬ ನಾನು' ಎಂದು ಶುರುಮಾಡಿ ಕೆಳಗೆ ಸಹಿ ಹಾಕಿದ್ದಳು.

ಸೋಮವಾರ ಸಂಜೆ ತಮಂಡಾ ಫೋನು ಹಿಡಿದು ಕೆಳಗೆ ಬಂದಳು. ಅವಳ ಕನ್ನಡವೆಲ್ಲ ವಾರ್ಡಿನಲ್ಲಿ ಕಲಿತದ್ದು.

"ಆಂಟಿ, ಗಾಬರಿ ಆಗ್ಬೇಡಿ. ಕೂತ್ಕೊಳಿ. ಉಸಿರು ಎಳ್ಕೊಳಿ."

"ನಂಗೇನ್ ಇಂಜೆಕ್ಷನ್ ಕೊಡ್ತೀಯೇನೇ?" ಎಂದು ನಗುತ್ತಲೇ ಕೋಮಲಾ ಕನ್ನಡಕ ಹುಡುಕಿದಳು.

ವಾಸದ ಪರ್ಮಿಟ್ ಮುಂದುವರಿಸಲು ತಮಂಡಾ ವಿದೇಶಿಯರ ನೋಂದಣಿ ಕಚೇರಿಗೆ ಹಾಕಿದ್ದ ಅರ್ಜಿ ವಾಪಸ್ ಬಂದಿತ್ತು. ಕರಾರಿನಲ್ಲಿರುವ ಮಾಲೀಕರ ಹೆಸರಿಗೂ ಕರೆಂಟ್ ಬಿಲ್ಲಿನ ಹೆಸರಿಗೂ ಹೊಂದುತ್ತಿಲ್ಲ. ಸರಿಯಾದ ಕರಾರನ್ನು ಶುಕ್ರವಾರ ಸಂಜೆಯೊಳಗೆ ಹಾಕಬೇಕು, ಇಲ್ಲವಾದರೆ ಅರ್ಜಿ ಮುಚ್ಚಲಾಗುತ್ತದೆ. ಈಗಿರುವ ಪರ್ಮಿಟ್ ಈ ತಿಂಗಳ ಇಪ್ಪತ್ತೈದಕ್ಕೆ ಮುಗಿಯುತ್ತಿತ್ತು. ಹೊಸ ಪರ್ಮಿಟ್ ತೋರಿಸದಿದ್ದರೆ ಕಾಲೇಜಿನಲ್ಲಿ ಕೊನೆಯ ಪರೀಕ್ಷೆಯ ಹಾಲ್ ಟಿಕೆಟ್ ಕೊಡುವುದಿಲ್ಲ. ನಾಲ್ಕು ವರ್ಷದ ಓದು ಒಂದು ಹೆಸರಿನ ಮೇಲೆ ನಿಂತಿತ್ತು.

ಕೋಮಲಾ ಎರಡು ಸಲ ಓದಿದಳು. ಕಚೇರಿಯವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಾಲೀಕಳಲ್ಲದೆ ಮಾಲೀಕಳೆಂದು ಬರೆದದ್ದು ತಾನು. ಪತ್ರ ಬರಹಗಾರರ ಮಗಳು ಎಂಬ ಜಂಬದಲ್ಲಿ, ಅಪ್ಪ ಯಾವ ಕಕ್ಷಿಗಾರನಿಗೂ ಮಾಡಗೊಡದ ತಪ್ಪನ್ನು ಮಾಡಿ ಕೂತಿದ್ದಳು.

"ಇದು ನನ್ ತಪ್ಪು ಕಣಮ್ಮ," ಎಂದಳು. "ನಾನೇ ಸರಿ ಮಾಡ್ತೀನಿ. ನೀನು ಓದ್ಕೊ ಹೋಗು."

ತಮಂಡಾ ಹೋಗಲಿಲ್ಲ. ಒಲೆಯ ಮೇಲಿದ್ದ ಹಾಲು ಉಕ್ಕುತ್ತಿತ್ತು, ಹೋಗಿ ಆರಿಸಿ ಬಂದು ಪಕ್ಕದಲ್ಲಿ ಕೂತಳು.

ಮರುದಿನ ಕೋಮಲಾ ಕೋರ್ಟಿನ ಬಳಿಗೆ ಹೋದಳು. ಅಲ್ಲಿ ಟೈಪಿಂಗ್ ಅಂಗಡಿ ಇಟ್ಟಿರುವ ಮಹಾಲಿಂಗಯ್ಯ ಒಂದು ಕಾಲಕ್ಕೆ ಅಪ್ಪನ ಮೇಜಿನ ಪಕ್ಕ ಕೂತು ಕೆಲಸ ಕಲಿತವರು, ಅಪ್ಪನನ್ನು ಇವತ್ತಿಗೂ ಮೇಷ್ಟ್ರು ಎನ್ನುವವರು. ಅವಳ ಕರಾರನ್ನು ಓದಿ ಮೆಲ್ಲಗೆ ಮಡಿಸಿಟ್ಟರು. ಬೈಯಲಿಲ್ಲ, ನಗಲೂ ಇಲ್ಲ.

"ಬರ್ದಿರೋದು ಬಲು ಚೆನ್ನಾಗದೆ ಕೋಮಲಮ್ಮ, ಮೇಷ್ಟ್ರ ಕೈ ಹಂಗೇ ಬಂದದೆ," ಎಂದರು. "ಆದ್ರೆ ಖಾತೆ ಮೇಷ್ಟ್ರ ಹೆಸ್ರಲ್ಲದೆ. ಅದನ್ನ ಬದ್ಲಾಯಿಸ್ತೀನಿ ಅಂದ್ರೆ ತಿಂಗಳುಗಟ್ಲೆ ಆಯ್ತದೆ."

"ಶುಕ್ರವಾರದೊಳಗೆ ಬೇಕು."

"ಹಂಗಾದ್ರೆ ಒಂದೇ ದಾರಿ. ವಾರಸುದಾರ್ರು ಎಷ್ಟು ಜನವೋ ಅಷ್ಟೂ ಜನ ಮಾಲೀಕರು ಅಂತ ಕರಾರಿಗೆ ಸಹಿ ಹಾಕ್ಬೇಕು. ಜೊತೆಗೆ ಮೇಷ್ಟ್ರ ಡೆತ್ ಸರ್ಟಿಫಿಕೇಟು, ವಂಶವೃಕ್ಷ. ಆಮೇಲೆ ನೋಟರಿ. ಮನೇಲಿ ವಂಶವೃಕ್ಷ ಅದಾ?"

ಇತ್ತು. ಅಪ್ಪ ತೀರಿಕೊಂಡ ವರ್ಷ ಬ್ಯಾಂಕಿಗೆಂದು ಮಾಡಿಸಿದ್ದು. ಅದರಲ್ಲಿ ಮೂರೇ ಹೆಸರು: ಅಮ್ಮ, ತಾನು, ಗೋವಿಂದರಾಜು. ಮಹಾಲಿಂಗಯ್ಯ ಊಟಕ್ಕೆ ಏಳಬೇಕಾಗಿದ್ದವರು ಏಳದೆ ಹೊಸ ಕರಾರು ಟೈಪು ಮಾಡಿಕೊಟ್ಟರು. ಅದು ಮಡಿಕೆ ಬೀಳದಿರಲೆಂದು ಒಂದು ರಟ್ಟು ಕತ್ತರಿಸಿ ಹಿಂದೆ ಇಟ್ಟರು.

ಬುಧವಾರ ಕೋಮಲಾ ಗುಬ್ಬಿಯಲ್ಲಿ ಬಸ್ಸಿಳಿದಾಗ ಹತ್ತೂವರೆ. ತಮ್ಮನ ಅಂಗಡಿಯಲ್ಲಿ ಪೈಪಿನ ಸುರುಳಿಗಳ ನಡುವೆ ಇಬ್ಬರು ರೈತರು ಮೋಟಾರಿನ ಮಾತಾಡುತ್ತಿದ್ದರು.

"ಏನಕ್ಕ, ಫೋನೂ ಇಲ್ಲ ಗೀನೂ ಇಲ್ಲ, ಇಂಗ್ ಬಂದ್ಬುಟ್ಟೆ?" ಎಂದ ಗೋವಿಂದರಾಜು. ಅವನು ಶಿರಾ ಗೇಟಿನ ಮನೆಗೆ ಬಂದು ಆರು ವರ್ಷವಾಗಿತ್ತು. ಜಗಳವೇನೂ ಆಗಿರಲಿಲ್ಲ, ಬರುವುದು ನಿಂತಿತ್ತು ಅಷ್ಟೆ.

ಅವಳು ವಿಷಯ ಹೇಳಿದಳು.

"ಮಲಾವಿನಾ? ಎಲ್ ಬರುತ್ತಕ್ಕ ಅದು, ಅರಸೀಕೆರೆ ಆಚೆನಾ?"

ರೈತರಿಬ್ಬರೂ ನಕ್ಕರು. ಕೋಮಲಾ ಕೂಡ ನಕ್ಕಳು. "ಅರಸೀಕೆರೆಗೆ ರೈಲಿದೆ, ಅಲ್ಲಿಗೆ ಇಲ್ಲ ಕಣೋ. ಸಹಿ ಹಾಕು, ಇಂಡಿಯಾದ ಎಲ್ಲೆಯಿಂದ ಆಚೆ ಹೋಗೋದು ತಪ್ಪುತ್ತೆ ಆ ಹುಡುಗಿಗೆ."

ಅವನು ಕಾಗದವನ್ನು ಮುಟ್ಟಲಿಲ್ಲ. ರೈತರು ಹೋಗುವವರೆಗೆ ಕಾದು, ದನಿ ತಗ್ಗಿಸಿದ.

"ಫಾರಿನ್‌ನೋರು ಅಂದ್ರೆ ಪೊಲೀಸು ಗಿಲೀಸು ಎಲ್ಲಾ ಬರುತ್ತೆ. ನಾಳೆ ಏನಾರ ಆದ್ರೆ ನನ್ ಹೆಸ್ರೂ ಅದ್ರಲ್ಲಿರುತ್ತೆ."

"ಏನೂ ಆಗ್ಬಾರ್ದು ಅಂತಾನೇ ಈ ಕಾಗದ."

"ಹನ್ನೊಂದು ವರ್ಷ ಸುಮ್ನಿದ್ದು ಇವತ್ತು ಸಹಿ ಅಂತೀಯ. ನೀನು ಅಪ್ಪನ ಮಗಳು ಕಣಕ್ಕ. ಯಾವ್ ಕಾಗದದೊಳಗೆ ಏನ್ ಅಡಗಿಸ್ಬೋದು ಅಂತ ನಿಂಗೊತ್ತು."

ಮಾತು ನೆಟ್ಟಗೆ ಬಂದು ತಾಗಿತು. ಕೋಮಲಾ ಕಾಗದವನ್ನು ಅವನ ಕಡೆ ತಳ್ಳಿದಳು.

"ಓದು."

"ಟೈಮಿಲ್ಲ."

"ಕಾಯ್ತೀನಿ."

ಎರಡು ಗಂಟೆ ಕಾದಳು. ಗಿರಾಕಿಗಳು ಬಂದರು, ಹೋದರು; ವಾಷರಿಗೆ ಬಂದವನೊಬ್ಬ ಅವಳನ್ನೂ ಗಿರಾಕಿ ಎಂದುಕೊಂಡು "ಮೊದ್ಲು ಅಮ್ಮಾವ್ರಿಗೆ ಕೊಡಿ ಸಾರ್" ಎಂದ. ಗೋವಿಂದರಾಜುವಿನ ಹೆಂಡತಿ ಭಾನುಪ್ರಿಯಾ ಹಿಂದಿನ ಮನೆಯಿಂದ ಕಾಫಿ ತಂದಿಟ್ಟು, ಗಂಡನ ಕಡೆಗಿದ್ದ ಟೇಬಲ್ ಫ್ಯಾನನ್ನು ಅತ್ತಿಗೆಯ ಕಡೆಗೆ ತಿರುಗಿಸಿ ಹೋದಳು. ಗೋವಿಂದರಾಜು ಬೆವರು ಒರೆಸಿಕೊಂಡ. ಫ್ಯಾನು ವಾಪಸ್ ತಿರುಗಿಸಲಿಲ್ಲ, ಕಾಗದವನ್ನೂ ಓದಲಿಲ್ಲ.

ಕೊನೆಗೆ, "ಅವ್ವ ಮೊದ್ಲು ಹಾಕ್ಲಿ. ಆಮೇಲೆ ನೋಡಾನ" ಎಂದ.

"ಅವ್ವ ಹಾಕಿದ್ರೆ ಹಾಕ್ತೀಯಾ?"

"ನೋಡಾನ ಅಂದೆ."

ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಕೋಮಲಾ ಲೆಕ್ಕ ಹಾಕಿದಳು. ಗುರುವಾರ, ಶುಕ್ರವಾರ. ಎರಡೇ ದಿನ. ಅಮ್ಮನಿಗೆ ಅಪ್ಪನ ಕಟ್ಟುಪಾಡೆಲ್ಲ ಬಾಯಿಪಾಠ. ಬಾಡಿಗೆಯವಳ ಮುಖ ನೋಡದೆ ಅವರು ಸಹಿ ಹಾಕುವ ಪೈಕಿಯವರಲ್ಲ. ರಾತ್ರಿ ತಮಂಡಾಗೆ "ನಾಳೆ ನೀನೂ ಬರ್ಬೇಕು" ಎಂದಳು. ಗುರುವಾರ ತಮಂಡಾಗೆ ವಾರ್ಡಿನ ಪಾಳಿ ಇತ್ತು. ಕ್ಲಾಸಿನ ಚಿಕ್ಕಮಾರಮ್ಮ ಎನ್ನುವ ಹುಡುಗಿ, ತನ್ನದು ಬೆಳಗಿನ ಪಾಳಿ ಮುಗಿದ ಮೇಲೆ ಇವಳದನ್ನೂ ಮಾಡುತ್ತೇನೆಂದು ಒಪ್ಪಿಕೊಂಡಳಂತೆ. ಕಾರಣವನ್ನೂ ಕೇಳಲಿಲ್ಲವಂತೆ.

ಕುಣಿಗಲಿನಲ್ಲಿ ಬಸ್ಸು ಬದಲಿಸಿ ಮಾರ್ಕೋನಹಳ್ಳಿಗೆ ಮುಟ್ಟಿದಾಗ ಬಿಸಿಲು ಏರಿತ್ತು. ಗಂಗಲಕ್ಷ್ಮಮ್ಮ ಮತ್ತು ಅವರ ತಂಗಿ ಪುಟ್ಟಗಂಗಮ್ಮ ಬಾಗಿಲಲ್ಲಿ ಕೂತು ದಂಟಿನಸೊಪ್ಪು ಬಿಡಿಸುತ್ತಿದ್ದರು. ಗಂಗಲಕ್ಷ್ಮಮ್ಮ ತಮಂಡಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಏನವ್ವ ನಿನ್ ಹೆಸ್ರು?"

"ತಮಂಡಾ, ಅಜ್ಜಿ."

"ಅಂಗಂದ್ರೆ?"

"ದೇವರನ್ನ ಹೊಗಳ್ತೀವಿ, ಅಂತ."

"ನಾವೂ ಹೊಗಳ್ತಾನೇ ಇದೀವಿ ಬುಡು, ಅವ್ನು ಕಿವಿಗ್ ಹಾಕೊಳಲ್ಲ. ನಿಮ್ಮಪ್ಪ ಏನ್ ಮಾಡ್ತಾನೆ?"

"ಜೋಳ ಬೆಳೀತಾರೆ. ಮುಸುಕಿನ ಜೋಳ."

"ಮಳೇದೋ ನೀರಾವರಿದೋ?"

ತಮಂಡಾ ಕೋಮಲಾಳ ಮುಖ ನೋಡಿ, ಅರ್ಥವಾದ ಮೇಲೆ ಆಕಾಶ ತೋರಿಸಿದಳು. ಗಂಗಲಕ್ಷ್ಮಮ್ಮ ನಿಟ್ಟುಸಿರಿಟ್ಟು, ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿ, ತಮ್ಮೆದುರಿನ ಮಣೆ ತೋರಿಸಿದರು. "ಕೂತ್ಕೊ. ನನ್ನೆದ್ರಿಗೆ ಕೂತ್ಕೊ. ಕೋಮ್ಲಿ, ಓದು."

"ನಿನ್ ಗಂಡ ಹೋದ್ರೂ ಕಚೇರಿ ಬುಡ್ಲಿಲ್ಲ ನೀನು," ಎಂದರು ಪುಟ್ಟಗಂಗಮ್ಮ.

ಕೋಮಲಾ ಕರಾರನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಡುವೆ ಎರಡು ಕಡೆ ಅಮ್ಮ ನಿಲ್ಲಿಸಿ ಮತ್ತೊಮ್ಮೆ ಓದಿಸಿದರು. ಮುಗಿದ ಮೇಲೆ ಕೇಳಿದರು, "ಗೋವಿಂದ ಓದಿದ್ನಾ?"

"ಇಲ್ಲವ್ವ. ಟೈಮಿಲ್ಲ ಅಂದ. ನೀನು ಹಾಕಿದ್ರೆ ಆಮೇಲೆ ನೋಡಾನ ಅಂದ."

"ಓದ್ದೇ ಏನಂದ?"

ಕೋಮಲಾ ಕಾಗದದ ಹಿಂದಿನ ರಟ್ಟು ಸರಿಮಾಡಿದಳು. ಅಮ್ಮ ಒತ್ತಾಯ ಮಾಡಲಿಲ್ಲ. ಪೆನ್ನು ತೆಗೆದುಕೊಂಡವರು ಒಂದು ಕ್ಷಣ ಹಿಡಿದಿದ್ದು ವಾಪಸ್ ಇಟ್ಟರು.

"ಇಲ್ಲಿ ಹಾಕಲ್ಲ ಕಣೆ."

ಕೋಮಲಾ ಪೆನ್ನನ್ನು ಮತ್ತೆ ಅಮ್ಮನ ಕಡೆ ಸರಿಸಿದಳು. "ಅವ್ವ, ನಾಳೆ ಸಂಜೆಗೆ ಕೊನೆ."

"ಗೊತ್ತು. ಇಲ್ ಕೂತು ನಾನು ಹಾಕಿ ಕೊಟ್ರೆ, ಮುದುಕಿ ಕೈಲಿ ಮಗಳು ಹಾಕಿಸ್ಕೊಂಡ್ಲು ಅಂತಾನೆ ಅವ್ನು. ಇವತ್ತಲ್ದಿದ್ರೆ ನಾನ್ ಸತ್ತ ಮಾರ್ನೆ ದಿನ ಅಂತಾನೆ. ಎಲ್ರೂ ಎದ್ರಾಎದ್ರು ಕೂತೇ ಆಗ್ಬೇಕು. ನಿಮ್ಮಪ್ಪ ಏನ್ ಸುಮ್ಕೆ ಹೇಳ್ತಿದ್ನಾ?" ಎಂದು ಮೊಣಕಾಲು ಹಿಡಿದು ಎದ್ದರು. "ಪುಟ್ಟಿ, ನನ್ ಹಸುರು ಸೀರೆ ಎಲ್ಲದೆ? ನಾನ್ ತುಮ್ಕೂರ್ಗೆ ಹೋಯ್ತೀನಿ."

ಎಂಬತ್ತೊಂದು ವರ್ಷದ ಗಂಗಲಕ್ಷ್ಮಮ್ಮ ಹೀಗೆ ಬಸ್ಸು ಹತ್ತಿದರು. ಮೊದಲ ಮೆಟ್ಟಿಲು ಎತ್ತರವಾಗಿತ್ತು. ತಮಂಡಾ ಕೆಳಗಿನಿಂದ ಆಸರೆ ಕೊಡುತ್ತ ವಾರ್ಡಿನಲ್ಲಿ ಹೇಳುವ ಹಾಗೆ "ನಿಧಾನ ಅಜ್ಜಿ, ಬಲಗಾಲು ಮೊದಲು" ಎಂದಳು. ಡ್ರೈವರು ಎಂಜಿನ್ ಆರಿಸಿ ಕಾದ. ಕುಣಿಗಲಿನಿಂದ ತುಮಕೂರಿನವರೆಗೆ ಯಾರೋ ಗಾರ್ಮೆಂಟ್ಸ್ ಹುಡುಗಿ ತನ್ನ ಸೀಟು ಬಿಟ್ಟುಕೊಟ್ಟು ನಿಂತೇ ಬಂದಳು; ದಾರಿಯಲ್ಲಿ ಬೇರೆ ಸೀಟು ಖಾಲಿಯಾದಾಗ ಅವಳು ಕೂರುವ ಮೊದಲು ಇನ್ನೊಬ್ಬರು ಕೂತರು. ಅದಕ್ಕೂ ಅವಳು ನಕ್ಕಳಷ್ಟೆ.

ಶುಕ್ರವಾರ ಬೆಳಿಗ್ಗೆ ಗಂಗಲಕ್ಷ್ಮಮ್ಮ ಮಗನಿಗೆ ಫೋನು ಮಾಡಿಸಿದರು.

"ಏನ್ಲಾ ಗೋವಿಂದ, ಕೋರ್ಟ್ ತಾವ ಬಾ. ಹನ್ನೊಂದು ಗಂಟೆಗೆ."

"ಅವ್ವ, ಅಂಗ್ಡಿ..."

"ಅಂಗ್ಡಿ ಓಡೋಗಲ್ಲ. ನೀನ್ ಬರ್ದಿದ್ರೆ ನಾನೇ ಗುಬ್ಬಿಗ್ ಬತ್ತೀನಿ. ನಿನ್ ಅಂಗ್ಡಿ ಮುಂದೆ ಚಾಪೆ ಹಾಕೊಂಡ್ ಕೂತ್ಕತೀನಿ, ಎಲ್ರೂ ನೋಡ್ಲಿ."

ಹನ್ನೊಂದಾಯಿತು, ಹನ್ನೆರಡಾಯಿತು. ಮಹಾಲಿಂಗಯ್ಯನವರ ಅಂಗಡಿಯಲ್ಲಿ ಮೂವರು ಹೆಂಗಸರು ಸಾಲಾಗಿ ಕೂತಿದ್ದರು. ನೋಟರಿ ವಕೀಲರು ಎರಡು ಗಂಟೆಗೆ ಹೊರಡುವವರಿದ್ದರು. ತಮಂಡಾ ಫೋನಿನಲ್ಲಿ ಗಂಟೆ ನೋಡುವುದು, ಮಗುಚಿಡುವುದು, ಮತ್ತೆ ನೋಡುವುದು. ಕೋಮಲಾ ಅವಳ ಕೈಯಿಂದ ಫೋನು ತೆಗೆದುಕೊಂಡು ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಅವನು ಬರದಿದ್ದರೆ ಆಟೋ ಮಾಡಿಸಿಕೊಂಡು ನೋಟರಿಯವರನ್ನೇ ಗುಬ್ಬಿಗೆ ಕರೆದೊಯ್ಯುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದಳು. ಬರುತ್ತಾರೋ ಇಲ್ಲವೋ, ಕೇಳಿಯಂತೂ ಕೇಳುತ್ತೇನೆ.

ಒಂದು ಗಂಟೆಗೆ ಹತ್ತು ನಿಮಿಷವಿರುವಾಗ ಗೋವಿಂದರಾಜುವಿನ ಬೈಕು ಬಂತು.

"ಎಲ್ ಹಾಕ್ಬೇಕು ಹೇಳಿ, ಹಾಕ್ತೀನಿ," ಎಂದ ನಿಂತುಕೊಂಡೇ.

"ಕೂತ್ಕೊ," ಎಂದರು ಗಂಗಲಕ್ಷ್ಮಮ್ಮ. "ಆ ಹುಡ್ಗಿ ಎದ್ರಿಗೆ ಕೂತ್ಕೊ. ಓದು. ಗಟ್ಟಿಯಾಗ್ ಓದು."

"ಅವ್ವ, ಎಲ್ರೂ ನೋಡ್ತಾವ್ರೆ."

"ನೋಡ್ಲಿ. ರಾಮಾಂಜಿನಯ್ಯನ ಮಗ ಓದ್ದೇ ಸಹಿ ಹಾಕ್ದ ಅಂತ ನೋಡೋದ್ಕಿಂತ ಇದೇ ವಾಸಿ."

ಅವನು ಕೂತ. ಸ್ಕೂಲಿನ ಹುಡುಗನ ಹಾಗೆ ಗಂಟಲು ಸರಿಮಾಡಿಕೊಂಡು ಓದತೊಡಗಿದ. ಮೊದಲ ನಾಲ್ಕು ಸಾಲು ಬಡಬಡನೆ ಹೋಯಿತು. "'ದಿವಂಗತ ರಾಮಾಂಜಿನಯ್ಯನವರ ವಾರಸುದಾರರಾದ ಒಂದು, ಶ್ರೀಮತಿ ಗಂಗಲಕ್ಷ್ಮಮ್ಮ, ಎರಡು, ಶ್ರೀಮತಿ ಕೋಮಲಾ, ಮೂರು, ಶ್ರೀ ಗೋವಿಂದರಾಜು, ಆದ ನಾವು ಮೂವರೂ ಸದರಿ ಮನೆಗೆ ಸಮಾನ ಹಕ್ಕುಳ್ಳ ಜಂಟಿ ಮಾಲೀಕರಾಗಿದ್ದು...'"

ನಿಂತ. ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡ. ಅಕ್ಕನನ್ನು ನೋಡಿದ.

"ಇದ್ ನೀನ್ ಬರ್ಸಿದ್ದಾ?"

"ಹೂಂ."

"ಬುಧವಾರ ತಂದಿದ್ದೂ ಇದೇನಾ?"

"ಅದೇ ಕಾಗದ ಕಣೋ. ನೋಡು, ನಿನ್ ಅಂಗಡಿಯ ಗ್ರೀಸ್ ಕೂಡ ಮೂಲೇಲಿ ಹತ್ಕೊಂಡಿದೆ."

ಗೋವಿಂದರಾಜು ಮೂಲೆಯ ಕಲೆಯನ್ನು ಹೆಬ್ಬೆರಳಿನಿಂದ ಒರೆಸಲು ನೋಡಿದ. ಅದು ಇನ್ನಷ್ಟು ಹರಡಿತು. ಆಮೇಲೆ ಉಳಿದದ್ದನ್ನು ನಿಧಾನವಾಗಿ ಓದಿದ, ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯಬಾರದು ಎನ್ನುವವರೆಗೂ. ಅಲ್ಲಿಗೆ ಬಂದಾಗ ತಲೆಯೆತ್ತಿ ತಮಂಡಾಳನ್ನು ಮೊದಲ ಸಲ ಸರಿಯಾಗಿ ನೋಡಿದ.

"ಮೊಳೆ ಹೊಡೆದಿದೀಯೇನಮ್ಮ?"

"ಒಂದು, ಅಂಕಲ್. ಕ್ಯಾಲೆಂಡರ್‌ಗೆ."

"ಒಂದು ಪರ್ವಾಗಿಲ್ಲ," ಎಂದು ಸಹಿ ಹಾಕಿದ.

ಗಂಗಲಕ್ಷ್ಮಮ್ಮ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆಯಲು ಹೆಚ್ಚು ಹೊತ್ತು ತೆಗೆದುಕೊಂಡರು. ಹೊರಡಲು ಬ್ಯಾಗು ಹೆಗಲಿಗೇರಿಸಿಕೊಂಡಿದ್ದ ನೋಟರಿ ವಕೀಲರು ಬ್ಯಾಗನ್ನು ಮತ್ತೆ ಕೆಳಗಿಟ್ಟು, ಅಜ್ಜಿ ಮುಗಿಸುವವರೆಗೆ ಕಿಟಕಿಯಾಚೆ ನೋಡುತ್ತ ನಿಂತರು. ಪಕ್ಕದ ಸೈಬರ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿದರೆ ಫೈಲು ದೊಡ್ಡದಾಯಿತೆಂದು ಎರಡು ಸಲ ಹಿಂದಕ್ಕೆ ಬಂತು. ಮೂರನೆಯ ಸಲ ಪುಟ್ಟದು ಮಾಡಿ ಕಳಿಸಿದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಅರ್ಜಿ ಸ್ವೀಕರಿಸಲಾಗಿದೆ ಎಂಬ ಸಾಲು ಪರದೆಯ ಮೇಲೆ ಬಂದಾಗ ತಮಂಡಾ ಅಳಲಿಲ್ಲ. ಕೋಮಲಾಳ ಭುಜಕ್ಕೆ ಹಣೆ ಒತ್ತಿ ಸ್ವಲ್ಪ ಹೊತ್ತು ಹಾಗೇ ನಿಂತಳು.

"ಉಸಿರು ಎಳ್ಕೊ," ಎಂದಳು ಕೋಮಲಾ.

ಗೋವಿಂದರಾಜು ಅಷ್ಟರಲ್ಲಿ ಬೈಕು ಹತ್ತಿದ್ದ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಪರ್ಮಿಟ್ ಬಂತು. ಹಾಲ್ ಟಿಕೆಟ್ ಕೊಡುವ ಕೌಂಟರ್ ಒಂದು ಗಂಟೆಗೆ ಮುಚ್ಚುತ್ತಿತ್ತು. ಪ್ರಿಂಟು ತೆಗೆಸಿಕೊಂಡು ಬಂದ ತಮಂಡಾ, ಅಜ್ಜಿಯ ಕಾಲು ಮುಟ್ಟಿ, ಬೆಳಗಿನಿಂದ ಏನೂ ತಿಂದಿಲ್ಲವೆಂದು ಕೋಮಲಾ ಕೂಗುತ್ತಿದ್ದರೂ ಕೇಳದೆ, ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಗೇಟಿನತ್ತ ಓಡಿದಳು. ಅಲ್ಲಿಂದ ಕಾಲೇಜು, ಕಾಲೇಜಿನಿಂದ ನೇರವಾಗಿ ಮಧ್ಯಾಹ್ನದ ಪಾಳಿ. ಚಿಕ್ಕಮಾರಮ್ಮನಿಗೆ ತೀರಿಸಬೇಕಾದ ಪಾಳಿ ಅದು.

ಗೇಟಿನ ಹೊರಗೆ ಗೋವಿಂದರಾಜು ನಿಂತಿದ್ದ. ಒಳಗೆ ಬರುವುದೋ ಬೇಡವೋ ಎಂದು ಎಷ್ಟು ಹೊತ್ತಿನಿಂದ ನಿಂತಿದ್ದನೋ, ಬೈಕಿನ ಕೀಲಿ ಇನ್ನೂ ತೆಗೆದಿರಲಿಲ್ಲ. ತಮಂಡಾ ಅವನನ್ನು ಕಂಡು ನಿಂತು, ಪರ್ಮಿಟ್ಟಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಅವನು ಅದನ್ನು ಪೂರ್ತಿ ಓದಿದ, ತುಟಿ ಅಲುಗಿಸಿಕೊಂಡು, ಮೊದಲಿನಿಂದ ಕೊನೆಯವರೆಗೆ. ತಲೆಯಾಡಿಸಿ ವಾಪಸ್ ಕೊಟ್ಟ.

ಆಮೇಲೆ ಹ್ಯಾಂಡಲಿಗೆ ನೇತುಹಾಕಿದ್ದ ಬಟ್ಟೆಯ ಚೀಲವನ್ನು ಬಿಚ್ಚಿಕೊಂಡ. ಒಳಗೆ ಭಾನುಪ್ರಿಯಾ ಕಟ್ಟಿಕೊಟ್ಟ ಎರಡು ಊಟದ ಡಬ್ಬಿ ಇದ್ದವು, ಚೆಲ್ಲದಿರಲೆಂದು ಮುಚ್ಚಳದ ಸುತ್ತ ಬಟ್ಟೆ ಬಿಗಿದಿದ್ದಳು. ಅಕ್ಕ ಬಾಗಿಲಿಗೆ ಬಂದು ನಿಂತಿರುವುದನ್ನು ಅವನು ನೋಡಿದ. ಬಿಸಿಯಾಗಿದ್ದ ಮೇಲಿನ ಡಬ್ಬಿಯನ್ನು ತೆಗೆದು ತಮಂಡಾಳ ಕೈಗಿಟ್ಟ.